ಟ್ಯಾಕ್ಸ್ ಉಳಿಸಲು ನ್ಯೂ ಜೆರ್ಸಿ ಬಿಟ್ಟು ಫ್ಲೋರಿಡಾದ ಸೇಂಟ್ ಜಾನ್ಸ್ ಕೌಂಟಿಗೆ ಹೋಗಬಹುದಾ?

ನ್ಯೂ ಜೆರ್ಸಿ ಬಿಟ್ಟು ಈ ಕೌಂಟಿಗೆ (ಅಂದರೆ ಜಿಲ್ಲೆಯಂಥದ್ದು) ಬರಬಹುದಾ ಅಂತ ಪತ್ರ ಬರೆದು ಕೇಳಿದ್ದೀರಿ. ಒಳ್ಳೆ ಶಾಲೆ, ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹತ್ತಿರದಲ್ಲೇ ಸಮುದ್ರ. ನೀವು ಬರೆದ ಇದೇ ಕಾರಣಗಳಿಗೆ ನಾವೂ ನ್ಯೂ ಜೆರ್ಸಿಯ ಎಡಿಸನ್ ಬಿಟ್ಟು ಇಲ್ಲಿಗೆ ಬಂದೆವು. ಮೂರೂ ನಿಜ. ಆದರೆ ಟ್ಯಾಕ್ಸ್ ಉಳಿಯುತ್ತೆ ಅಂತ ಬರೋದಾದರೆ, ಆ ಲೆಕ್ಕದಲ್ಲೇ ಎಡವಟ್ಟಿದೆ.

ಕೌಂಟಿ ರೋಡ್ 210ರ ಹತ್ತಿರ ಒಂದು ಮನೆ ನೋಡಿದೆವು. ಮಾರುತ್ತಿದ್ದವರು ಬಹಳ ವರ್ಷದಿಂದ ಅಲ್ಲೇ ಇದ್ದವರು. ಅವರು ಹಿಂದಿನ ವರ್ಷ ಕಟ್ಟಿದ ಪ್ರಾಪರ್ಟಿ ಟ್ಯಾಕ್ಸ್ (ಮನೆ ತೆರಿಗೆ) ಮಾರಾಟದ ಜಾಹೀರಾತಿನಲ್ಲಿತ್ತು. ನ್ಯೂ ಜೆರ್ಸಿಯಲ್ಲಿ ಕಟ್ಟಿ ಕಟ್ಟಿ ಸುಸ್ತಾಗಿದ್ದ ನಮಗೆ ಅದು ತೀರಾ ಕಡಿಮೆ ಅನ್ನಿಸಿತು. ಅದನ್ನೇ ಹನ್ನೆರಡರಿಂದ ಭಾಗಿಸಿ ತಿಂಗಳ ಖರ್ಚಿಗೆ ಸೇರಿಸಿಕೊಂಡೆ. ನಾನು ತಪ್ಪಿದ್ದು ಅಲ್ಲೇ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಬೇರೆ ರಾಜ್ಯದಿಂದ ಬರುವವರು ಸುಲಭವಾಗಿ ಇದೇ ಹಳ್ಳಕ್ಕೆ ಬೀಳ್ತಾರೆ.

ಫ್ಲೋರಿಡಾದಲ್ಲಿ ನಾವೇ ವಾಸವಿರುವ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ, ಅಂದರೆ ಟ್ಯಾಕ್ಸ್ ಲೆಕ್ಕಕ್ಕೆ ಹಿಡಿಯುವ ಬೆಲೆಯಲ್ಲಿ ಒಂದಿಷ್ಟು ಕಡಿತ, ಸಿಗುತ್ತೆ. ಅದರ ಜೊತೆಗೆ ಇನ್ನೊಂದು ರಕ್ಷಣೆ ಇದೆ. ಮಾರುಕಟ್ಟೆ ಬೆಲೆ ಎಷ್ಟೇ ಏರಲಿ, ಟ್ಯಾಕ್ಸ್ ಲೆಕ್ಕಕ್ಕೆ ಹಿಡಿಯುವ ಬೆಲೆಯನ್ನು ವರ್ಷಕ್ಕೆ 3 ಪರ್ಸೆಂಟ್‌ಗಿಂತ ಜಾಸ್ತಿ ಏರಿಸುವ ಹಾಗಿಲ್ಲ. 1992ರಲ್ಲಿ ಜನ ಓಟು ಹಾಕಿ ತಂದ ನಿಯಮ ಇದು. ಹಾಗಾಗಿ 5 ಲಕ್ಷ ಡಾಲರ್‌ಗೆ ಮಾರಾಟವಾಗುವ ಮನೆಗೆ ಹಳೆ ಮಾಲೀಕರು 2.5 ಲಕ್ಷದ ಲೆಕ್ಕದಲ್ಲೇ ಟ್ಯಾಕ್ಸ್ ಕಟ್ಟುತ್ತಿರಬಹುದು. ಮನೆ ಕೈ ಬದಲಾದರೆ ಮುಂದಿನ ಜನವರಿ 1ಕ್ಕೆ ಆ ರಕ್ಷಣೆ ಹೋಯಿತು. ಬೆಲೆ ನೇರ ಮಾರುಕಟ್ಟೆ ಮಟ್ಟಕ್ಕೆ ಏರುತ್ತೆ. ಫ್ಲೋರಿಡಾದೊಳಗೇ ಮನೆ ಬದಲಿಸುವವರು ಹಳೆ ಮನೆಗೆ ಸಿಕ್ಕಿದ್ದ ಈ ರಕ್ಷಣೆಯ ಲಾಭವನ್ನು ಹೊಸದಕ್ಕೆ ಒಯ್ಯಬಹುದು. ಹೊರಗಿಂದ ಬರುವ ನಮಗೆ ಅದೂ ಇಲ್ಲ.

ಕೊಂಡ ವರ್ಷದ ಬಿಲ್ ಹಳೆಯವರ ಲೆಕ್ಕದಲ್ಲೇ ಬರುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಮರುವರ್ಷ ನವೆಂಬರ್‌ನಲ್ಲಿ ನಮ್ಮ ಬಿಲ್ ಎರಡರಷ್ಟು ದಾಟಿತ್ತು. ಟ್ಯಾಕ್ಸ್ ಕಟ್ಟೋಕೆ ಅಂತ ಸಾಲ ಕೊಟ್ಟವರು ನಮ್ಮ ಕಂತಿನಿಂದ ತಿಂಗಳು ತಿಂಗಳು ಎತ್ತಿಡುವ ಎಸ್ಕ್ರೋ ಖಾತೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಹಿಂದಿನ ಕೊರತೆ, ಮುಂದಿನ ವರ್ಷದ ಹೆಚ್ಚಳ ಎರಡೂ ಸೇರಿ ತಿಂಗಳ ಕಂತು ಏರಿತು. ಮಗಳ ಕಾಲೇಜಿಗೆ ಎತ್ತಿಟ್ಟಿದ್ದ ದುಡ್ಡಿಗೆ ಕೈ ಹಾಕಬೇಕಾಯಿತು. ನನ್ನ ಹೆಂಡತಿಗೆ ಇವತ್ತಿಗೂ ಅದರ ಬೇಸರ ಹೋಗಿಲ್ಲ.

ಹೊಸ ಬಡಾವಣೆಗಳಲ್ಲಿ ಅದೇ ಬಿಲ್‌ನಲ್ಲಿ ಸಿಡಿಡಿ (ಕಮ್ಯುನಿಟಿ ಡೆವಲಪ್‌ಮೆಂಟ್ ಡಿಸ್ಟ್ರಿಕ್ಟ್, ಬಡಾವಣೆಯ ಸೌಕರ್ಯ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆ) ಹೆಸರಲ್ಲಿ ಇನ್ನೊಂದು ಶುಲ್ಕವಿರುತ್ತೆ. ಬಡಾವಣೆಯ ರಸ್ತೆ, ನೀರಿನ ಪೈಪು, ಚರಂಡಿ, ಈಜುಕೊಳಕ್ಕೆ ಆ ಸಂಸ್ಥೆ ಬಾಂಡ್ ಮೂಲಕ ಸಾಲ ತಂದಿರುತ್ತೆ. ಅದನ್ನು ಮನೆ ಕೊಂಡವರು ವರ್ಷ ವರ್ಷ ತೀರಿಸಬೇಕು. ಎಚ್‌ಒಎ (ಮನೆ ಮಾಲೀಕರ ಸಂಘ) ಶುಲ್ಕ ಬೇರೆ. ಹೋಮ್‌ಸ್ಟೆಡ್ ವಿನಾಯಿತಿಯಿಂದ ಸಿಡಿಡಿ ಒಂದು ಡಾಲರ್ ಕೂಡ ಇಳಿಯಲ್ಲ.

ಬೆಳೆಯುತ್ತಿರುವ ಕೌಂಟಿ ಅಂತ ಖುಷಿಯಿಂದ ಬರೆದಿದ್ದೀರಿ. 2010ರಲ್ಲಿ ಇಲ್ಲಿ ಸುಮಾರು 1.9 ಲಕ್ಷ ಜನರಿದ್ದರು, 2020ರ ಜನಗಣತಿಯಲ್ಲಿ 2.73 ಲಕ್ಷ ದಾಟಿತು. ಈ ಬೆಳವಣಿಗೆಯ ಖರ್ಚು ಹೊಸಬರ ಮೇಲೇ ಜಾಸ್ತಿ ಬೀಳೋದು. ಶಾಲೆಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಹೊಸ ಶಾಲೆ ತೆರೆದಾಗ ಯಾವ ಬಡಾವಣೆ ಯಾವ ಶಾಲೆಗೆ ಅನ್ನೋದು ಬದಲಾಗುತ್ತೆ. ಒಂದೇ ಶಾಲೆ ನೆಚ್ಚಿಕೊಂಡು ಮನೆ ಕೊಳ್ಳಬೇಡಿ.

ಹಾಗಂತ ಬರಬೇಡಿ ಅನ್ನಲ್ಲ. ಸಮುದ್ರ ಬೇಕು ಅಂತಿದ್ದರೆ ಖಂಡಿತ ಬನ್ನಿ. ಈ ಕೌಂಟಿಯ ಪೋಂಟೆ ವೆಡ್ರಾ ತೀರದ ಮರಳು ಪುಡಿಯಾದ ಚಿಪ್ಪಿನಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಬರಿಗಾಲಿಗೆ ಒತ್ತುತ್ತೆ. ಇಂಥ ಚಿಪ್ಪು ಗಟ್ಟಿಯಾಗಿ ಆದ ಕೊಕಿನಾ ಕಲ್ಲಿನಿಂದಲೇ ಸೇಂಟ್ ಅಗಸ್ಟೀನ್‌ನ ಸ್ಪ್ಯಾನಿಷ್ ಕೋಟೆ ಕಟ್ಟಿದ್ದು. ಕುಂದಾಪುರದಲ್ಲಿ ಸೂರ್ಯ ಕಡಲಿಗೆ ಇಳಿಯೋದನ್ನು ನೋಡಿ ಬೆಳೆದವನು ನಾನು. ಇಲ್ಲಿ ಅವನು ಕಡಲಿಂದ ಮೇಲೆ ಬರ್ತಾನೆ. ಭಾನುವಾರ ಬೆಳಿಗ್ಗೆ ಅದನ್ನು ನೋಡೋಕೆ ಮನೆಯವರೆಲ್ಲ ಹೋಗ್ತೇವೆ.

ಮೊದಲು ಒಂದು ವರ್ಷ ಬಾಡಿಗೆಗಿರಿ. ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲ ಒಮ್ಮೆ ಕಳೆಯಲಿ. ಆಮೇಲೆ ಮನೆ ಮೆಚ್ಚಿದರೆ ಆ ವಿಳಾಸಕ್ಕೆ ಮೂರು ಮೊತ್ತ ಕೇಳಿ: ನೀವು ಕೊಡುವ ಬೆಲೆಗೆ ಬೀಳುವ ಟ್ಯಾಕ್ಸ್, ಸಿಡಿಡಿಯಲ್ಲಿ ಉಳಿದಿರುವ ಸಾಲ, ಪ್ರವಾಹ ವಿಮೆಯ ಪ್ರೀಮಿಯಂ. ಮಾಮೂಲಿ ಮನೆ ವಿಮೆಯಲ್ಲಿ ಪ್ರವಾಹದ ನಷ್ಟ ಸೇರಲ್ಲ. ಕೊಂಡ ಮೇಲೆ ಹೋಮ್‌ಸ್ಟೆಡ್ ಅರ್ಜಿಯನ್ನು ಮರುವರ್ಷದ ಮಾರ್ಚ್ 1ರೊಳಗೆ ಹಾಕಿ.