9 ವರ್ಷದ ಮಗನನ್ನು ಅಂಗಡಿಗೆ ಒಬ್ಬನೇ ಕಳಿಸುವ ಬಗ್ಗೆ

ಮೇಡಂ, 9 ವರ್ಷದ ಮಗನನ್ನು ಹಾಲು ತರಲು ಒಬ್ಬನೇ ಕಳಿಸಬಹುದಾ, ಮರೆತ ಪುಸ್ತಕವನ್ನು ಸ್ಕೂಲಿಗೆ ತಲುಪಿಸುವುದನ್ನು ನಿಲ್ಲಿಸಲಾ ಅಂತ ಕೇಳಿದ್ದೀರಿ. ಪುಸ್ತಕ ತಲುಪಿಸುವುದನ್ನು ನಾಳೆಯಿಂದಲೇ ನಿಲ್ಲಿಸಿ. ಒಂದೆರಡು ಸಲ ಬೈಸಿಕೊಂಡರೆ ಬ್ಯಾಗನ್ನು ತಾನೇ ನೋಡಿಕೊಳ್ಳುತ್ತಾನೆ. ಊಟದ ಡಬ್ಬಿ ಮರೆತರೆ ಮಾತ್ರ ಕೊಟ್ಟು ಬನ್ನಿ.

ಅಂಗಡಿ ವಿಷಯ ಬೇರೆ. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಬರುವ ಗಾಡಿಯ ವೇಗ ಸರಿಯಾಗಿ ಅಂದಾಜಾಗುವುದಿಲ್ಲ. ಬೆಂಗಳೂರಿನಲ್ಲಂತೂ ಫುಟ್‌ಪಾತ್ ಮೇಲೂ ಬೈಕ್ ಬರುತ್ತದೆ. ರಸ್ತೆ ದಾಟದೆ ಸಿಗುವ ನಂದಿನಿ ಬೂತ್‌ನಿಂದ ಶುರು ಮಾಡಿ. ನನ್ನ ಮಗಳಿಗೆ ಹೀಗೆ ಮಾಡಿದೆ: ಮೊದಲ ವಾರ ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಆಮೇಲೆ ಗೇಟ್ ಹತ್ತಿರ ನಿಂತೆ. ಮೂರನೇ ವಾರ ಬಾಲ್ಕನಿಯಿಂದ ನೋಡಿದೆ. ಒಂದು ದಿನ ಹಾಲಿನ ಬದಲು ಮೊಸರಿನ ಪ್ಯಾಕೆಟ್ ತಂದಳು. ಬದಲಾಯಿಸಿಕೊಂಡು ಬಾ ಅಂದೆ. ಅಂಗಡಿಯವರ ಹತ್ತಿರ ಮಾತಾಡಲು ನಾಚಿಕೆ, ಕಣ್ಣಲ್ಲಿ ನೀರು. ನಾನು ಜೊತೆಗೆ ಹೋಗಲಿಲ್ಲ. ಆ ಐದು ನಿಮಿಷ ನನಗೆ ತುಂಬಾ ಕಷ್ಟವಾಯಿತು. ಆದರೆ ಹಾಲು ತಂದೇ ಬಂದಳು.

ನೀವು ಕೇಳದಿದ್ದರೂ ಒಂದು ಮಾತು. ಅಜ್ಜಿಗೆ ಸಹಾಯ ಮಾಡಿದರೆ ಚಾಕ್ಲೇಟ್ ಕೊಡುತ್ತೇನೆ ಅಂದಿದ್ದೀರಲ್ವಾ? ಅದು ಬೇಡ. 2008ರಲ್ಲಿ ವಾರ್ನಕೆನ್ ಮತ್ತು ಟೊಮಸೆಲ್ಲೊ ಎಂಬ ಮನೋವಿಜ್ಞಾನಿಗಳು 20 ತಿಂಗಳ ಮಕ್ಕಳಲ್ಲಿ ಇದನ್ನು ನೋಡಿದರು. ಸಹಾಯಕ್ಕೆ ಬಹುಮಾನ ಪಡೆದ ಮಕ್ಕಳು ಆಮೇಲೆ ಸಹಾಯ ಮಾಡಿದ್ದು ಕಡಿಮೆ. ನಿಮ್ಮ ಮಗ ದೊಡ್ಡವನು, ನಿಜ. ಆದರೂ "ಅಜ್ಜಿಗೆ ಎಷ್ಟು ಸುಲಭವಾಯಿತು ನೋಡು" ಅಂದರೆ ಸಾಕು ಅಂತ ನನಗನಿಸುತ್ತದೆ.

ನಿಮ್ಮ ಮನೆಯಿಂದ ಬೂತ್‌ಗೆ ಹೋಗಲು ರಸ್ತೆ ದಾಟಬೇಕಾ? ತಿಳಿಸಿ.