"ಮತ್ತೆ ಸುಮ್ನಿದ್ದರೆ ತಪ್ಪು ನನ್ನದೇ ಅಲ್ವಾ?"

(ಗುರುತು ಸಿಗದಂತೆ ಹೆಸರು, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ.)

ರೂಪಾ ಅವರಿಗೆ ನಲವತ್ತರ ಆಸುಪಾಸು. 2025ರ ಜೂನ್‌ನಲ್ಲಿ ಗಂಡನ ಜೊತೆ ನನ್ನ ಬಳಿ ಸಮಾಲೋಚನೆಗೆ ಬಂದರು. ನಿದ್ದೆ ಕೆಟ್ಟು ಬಹಳ ದಿನ ಆಗಿತ್ತು. ಬೀಳುವ ಕನಸು ಒಂದೇ. ಸಮುದ್ರ ಹಿಂದೆ ಸರಿಯುತ್ತದೆ, ಆಮೇಲೆ ಕಪ್ಪು ನೀರು ಎದ್ದು ಬರುತ್ತದೆ, ಹಿಡಿದುಕೊಂಡ ಮಗಳ ಕೈ ಜಾರಿ ಹೋಗುತ್ತದೆ. ಬೆಚ್ಚಿ ಎದ್ದು ಫೋನ್ ತೆಗೆದರೆ, ಜುಲೈ 5ಕ್ಕೆ ಲೋಕ ಮುಳುಗುತ್ತದೆ ಅನ್ನುವ ವಿಡಿಯೊ. ಒಂದು ನೋಡಿದರೆ ಅದರ ಹಿಂದೆ ಹತ್ತು.

ಮಗಳು ಬೇರೆ ಊರಿನ ಹಾಸ್ಟೆಲ್‌ಗೆ ಹೋಗಬೇಕಿತ್ತು. ಕಳಿಸಲ್ಲ ಅಂತ ರೂಪಾ ಪಟ್ಟು ಹಿಡಿದಿದ್ದರು. ಅವಳ ಓದಿಗೆ ಇಟ್ಟಿದ್ದ ಠೇವಣಿಯನ್ನು ಮುರಿಸಿ ಎಲ್ಲಾದರೂ ಎತ್ತರದ ಜಾಗದಲ್ಲಿ ಮನೆ ಮಾಡುವ ಯೋಚನೆ. ಗಂಡ ಮೊದಲು ನಕ್ಕರಂತೆ, ಆಮೇಲೆ ರೇಗಿದರಂತೆ.

"ನನ್ನ ಕನಸು ನಿಜ ಆಗತ್ತೆ ಮೇಡಂ. ಒಂದು ಸಲ ಆಗಿದೆ."

ಇಂಥ ಮಾತಿಗೆ "ಅದೆಲ್ಲ ಸುಳ್ಳು" ಅಂದುಬಿಡಬಹುದು. ಆದರೆ ಅಲ್ಲಿಗೆ ಮಾತು ನಿಲ್ಲುತ್ತದೆ, ಭಯ ಹಾಗೇ ಉಳಿಯುತ್ತದೆ. ಆ ಒಂದು ಸಲ ಏನಾಯ್ತು ಹೇಳಿ ಅಂದೆ.

ಎರಡು ವರ್ಷದ ಹಿಂದೆ ಸೋದರಮಾವ ಬಿಳಿ ಹೊದಿಕೆ ಹೊದ್ದು ಬಾಗಿಲಲ್ಲಿ ನಿಂತಿದ್ದು ಕನಸಿನಲ್ಲಿ ಕಂಡಿತ್ತು. ಮೂರನೇ ದಿನ ಮಾವ ತೀರಿಕೊಂಡರು. ಇಷ್ಟೇ ಕೇಳಿದರೆ ಯಾರಿಗಾದರೂ ಮೈ ಜುಮ್ ಅನ್ನುತ್ತದೆ. ಆ ವಾರವನ್ನೇ ಮೆಲ್ಲಗೆ ಕೆದಕಿ ಕೇಳಿದೆ. ಮಾವ ಆಗ ಎಲ್ಲಿದ್ದರು? ಆಸ್ಪತ್ರೆಯಲ್ಲಿ. ಡಾಕ್ಟರು ಏನಂದಿದ್ದರು? "ಏನೂ ಹೇಳಕ್ಕಾಗಲ್ಲ ಅಂದಿದ್ರು." ನೀವು ನೋಡಕ್ಕೆ ಹೋಗಿದ್ರಾ?

ರೂಪಾ ತುಂಬಾ ಹೊತ್ತು ಮಾತಾಡಲಿಲ್ಲ. ಹೋಗಿರಲಿಲ್ಲ. ಮುಂದಿನ ವಾರ ಹೋದರಾಯ್ತು ಅಂದುಕೊಂಡಿದ್ದರು. ಕನಸು ಬಿದ್ದ ಮೇಲೂ ಹೋಗಲಿಲ್ಲ. "ಮೊದಲೇ ಕಾಣಿಸಿತ್ತು, ನಾನು ಸುಮ್ನಿದ್ದೆ. ಈಗ ಮತ್ತೆ ಸುಮ್ನಿದ್ದರೆ ತಪ್ಪು ನನ್ನದೇ ಅಲ್ವಾ?"

ಗಂಟು ಇದ್ದದ್ದು ಇಲ್ಲಿ. ರೂಪಾ ತಿಳಿವಳಿಕೆ ಇಲ್ಲದವರಲ್ಲ. ಪ್ರಳಯದ ಕತೆಗಳಲ್ಲಿ ಅವರಿಗೆ ಆಸಕ್ತಿಯೂ ಇರಲಿಲ್ಲ. ಅವರು ಆ ಕನಸನ್ನು ಬಿಡದೆ ಹಿಡಿದಿದ್ದು ಮಾವನ ವಿಷಯದ ಕೊರಗಿನಿಂದ. ಕೊರಗು ಹಾಗೇ ಇರುವಾಗ ಎಷ್ಟು ವಿಜ್ಞಾನ ಹೇಳಿದರೂ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಮೊದಲು ಮಾವನ ಬಗ್ಗೆಯೇ ಮಾತಾಡಿದೆವು. ಮಾವನಿಗೆ ಹೇಳಬೇಕಿದ್ದ ಮಾತನ್ನು ಪತ್ರದಲ್ಲಿ ಬರೆಯಿರಿ, ಅತ್ತೆಯನ್ನು ಒಮ್ಮೆ ನೋಡಿ ಬನ್ನಿ ಅಂದೆ. ಎರಡನ್ನೂ ಮಾಡಿದರು. ಅಳು ಬಂತು, ಅದು ಬರಬೇಕಿತ್ತು.

ಆಮೇಲೆ ಕನಸಿನ ವಿಷಯ. ಆಸ್ಪತ್ರೆಯಲ್ಲಿರುವವರ ಬಗ್ಗೆ ಹಗಲೆಲ್ಲ ಅಳುಕಿದ್ದರೆ ರಾತ್ರಿ ಅದೇ ಚಿತ್ರವಾಗಿ ಬರುವುದು ಸಹಜ. ಕನಸು ಹೆಚ್ಚು ಬೀಳುವ 'ರೆಮ್' ನಿದ್ದೆ ರಾತ್ರಿಗೆ ನಾಲ್ಕೈದು ಸಲ ಬರುತ್ತದೆ. ಬೆಳಗಿನ ಜಾವದ ಹೊತ್ತಿಗೆ ಅದರ ಅವಧಿ ಜಾಸ್ತಿ. ಆಗ ಎಚ್ಚರವಾದರೆ ಕನಸು ಹೆಚ್ಚು ನೆನಪಿರುತ್ತದೆ. ಬೆಳಗಿನ ಜಾವದ ಕನಸಿಗೆ ಜನ ಅಷ್ಟು ಬೆಲೆ ಕೊಡುವುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನಗನ್ನಿಸುತ್ತದೆ. ನಿಜವಾಗದ ನೂರಾರು ಕನಸನ್ನು ಯಾರೂ ಲೆಕ್ಕ ಇಡುವುದಿಲ್ಲ.

ಲೆಕ್ಕ ಇಡಲು ನೋಡಿದವರೂ ಇದ್ದಾರೆ. 1966ರಲ್ಲಿ ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಗಣಿ ತ್ಯಾಜ್ಯದ ಗುಡ್ಡ ಶಾಲೆಯ ಮೇಲೆ ಕುಸಿದು 144 ಜನ ಸತ್ತರು. ಅವರಲ್ಲಿ 116 ಮಕ್ಕಳು. ಯಾರಿಗಾದರೂ ಇದು ಮೊದಲೇ ಕನಸಿನಲ್ಲಿ ಕಂಡಿತ್ತಾ ಅಂತ ಮನೋವೈದ್ಯ ಜಾನ್ ಬಾರ್ಕರ್ ಪತ್ರಿಕೆಯ ಮೂಲಕ ಕೇಳಿದರು. 76 ಪತ್ರ ಬಂದವು. ಆದರೆ ಅವೆಲ್ಲ ಆದ ಮೇಲೆ ಬರೆದವು. ಅದಕ್ಕೇ 1967ರಲ್ಲಿ, ಆಗುವ ಮೊದಲೇ ಬರೆದು ಕಳಿಸಿ ಅಂತ ಒಂದು ಕಚೇರಿಯನ್ನೇ ಶುರು ಮಾಡಿದರು. ಆ ಪತ್ರಗಳಿಂದ ಯಾವ ದುರಂತವೂ ತಪ್ಪಲಿಲ್ಲ.

ರೂಪಾ ಕೈಗೂ ಒಂದು ನೋಟ್‌ಬುಕ್ ಕೊಟ್ಟೆ. ಎದ್ದ ಕೂಡಲೇ ತಾರೀಕು ಹಾಕಿ ಕನಸು ಬರೆಯಬೇಕು. ಎಲ್ಲ ಕನಸನ್ನೂ, ಸಪ್ಪೆ ಕನಸನ್ನೂ. ಬರೆದ ಮೇಲೆ ತಿದ್ದುವಂತಿಲ್ಲ. ಫೋನ್ ರಾತ್ರಿ ಬೇರೆ ಕೋಣೆಯಲ್ಲಿ. ಮತ್ತೊಂದು ಅಭ್ಯಾಸ, ಕೆಟ್ಟ ಕನಸಿಗೆ ಬಹಳ ಕಡೆ ಬಳಸುವಂಥದ್ದು: ಹಗಲು ಹೊತ್ತಿನಲ್ಲಿ ಕನಸಿನ ಕೊನೆಯನ್ನು ತಾವೇ ಬದಲಿಸಿ ಬರೆದು, ದಿನಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಅದನ್ನು ನೋಡುವುದು. ರೂಪಾ ಹೀಗೆ ಬರೆದರು: "ಮೆಟ್ಟಿಲಿದೆ. ಮಗಳು ಮುಂದೆ ಹತ್ತುತ್ತಾಳೆ, ನಾನು ಹಿಂದೆ. ನೀರು ಕೆಳಗಿನ ಮೆಟ್ಟಿಲಲ್ಲೇ ನಿಲ್ಲುತ್ತದೆ."

ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಮತ್ತೆ ಸರಿಪಡಿಸಲಾಗದ ಕೆಲಸವನ್ನು ಕನಸಿನ ಮಾತು ಕೇಳಿ ಮಾಡಬೇಡಿ. 1844ರ ಅಕ್ಟೋಬರ್ 22ಕ್ಕೆ ಲೋಕಾಂತ್ಯ ಅಂತ ನಂಬಿದ ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳಲ್ಲಿ ಕೆಲವರು ಬೆಳೆ ಕೊಯ್ಯದೆ ಬಿಟ್ಟಿದ್ದರು. 23ರಂದು ಸೂರ್ಯ ಎಂದಿನಂತೆ ಹುಟ್ಟಿದ. ನಷ್ಟ ಆದದ್ದು ನಂಬಿದವರಿಗೆ. ಲೋಕ ಮುಗಿಯುತ್ತದೆ ಅಂತ ಜನ ಹೆದರಿದ್ದ 1962ರ ಅಷ್ಟಗ್ರಹ ಕೂಟ, 2012ರ ಡಿಸೆಂಬರ್ 21, ಎಲ್ಲವೂ ಹೀಗೇ ಕಳೆದವು.

ಜುಲೈ 5ರ ಮಾತಿನ ಮೂಲ, ಜಪಾನಿನ ಕಾಮಿಕ್ಸ್ ಕಲಾವಿದೆಯೊಬ್ಬರಿಗೆ ಬಿದ್ದ ದೊಡ್ಡ ಸುನಾಮಿಯ ಕನಸು. ಇಂಥ ದಿನ, ಇಂಥ ಜಾಗದಲ್ಲಿ, ಇಷ್ಟು ದೊಡ್ಡ ಭೂಕಂಪ ಅಂತ ಮೊದಲೇ ಹೇಳಲು ಇವತ್ತಿಗೂ ಸಾಧ್ಯವಿಲ್ಲ ಎಂದು ಅಲ್ಲಿನ ಹವಾಮಾನ ಸಂಸ್ಥೆಯೇ ಹೇಳಿತ್ತು. ಆ ದಿನ ಕಳೆಯಿತು. ಜುಲೈ 30ಕ್ಕೆ ರಷ್ಯಾದ ಕಮ್ಚಾಟ್ಕಾ ಬಳಿ 8.8 ತೀವ್ರತೆಯ ಭೂಕಂಪ ಆಯಿತು. ರೂಪಾ ಮೆಸೇಜ್ ಬಂತು: "ನೋಡಿ ಮೇಡಂ, ಆಗೇಹೋಯ್ತು."

ಮೊದಲು ಹೇಳಿದ್ದೇನು, ಆಗಿದ್ದೇನು ಅಂತ ಒಟ್ಟಿಗೆ ಕೂತು ನೋಡಿದೆವು. ತಾರೀಕು ಬೇರೆ, ಜಾಗ ಬೇರೆ. 2011ರಲ್ಲಿ ಜಪಾನಿಗೆ ಬಡಿದ ಸುನಾಮಿಗಿಂತ ಮೂರು ಪಟ್ಟು ಎತ್ತರದ ಅಲೆ ಅಂತ ಆ ಕಲಾವಿದೆ ಅಂದಿದ್ದರು. ಜಪಾನಿಗೆ ಬಂದ ಅಲೆ ಒಂದೂವರೆ ಮೀಟರನ್ನೂ ಮುಟ್ಟಲಿಲ್ಲ. ಅಲ್ಲಿನ ಕರಾವಳಿಯ ಜನರಿಗೆ ಎತ್ತರಕ್ಕೆ ಹೋಗಿ ಅಂತ ಹೇಳಿದ್ದು ಭೂಕಂಪ ಅಳೆಯುವ ಉಪಕರಣಗಳನ್ನು ನೋಡಿಕೊಂಡು. ಅಂಥ ಎಚ್ಚರಿಕೆ ಬಂದರೆ ಒಂದು ಕ್ಷಣವೂ ಯೋಚಿಸದೆ ಓಡಬೇಕು, ಅದನ್ನೂ ರೂಪಾಗೆ ಹೇಳಿದೆ.

ಮಗಳು ಹಾಸ್ಟೆಲ್ ಸೇರಿದಳು. ಠೇವಣಿ ಹಾಗೇ ಇದೆ. ಅಪರೂಪಕ್ಕೊಮ್ಮೆ ಕನಸು ಬೀಳುತ್ತದಂತೆ. ಬರೆದಿಟ್ಟು ಮತ್ತೆ ಮಲಗುತ್ತಾರೆ.

ಮನೆಯಲ್ಲಿ ಹೀಗೆ ಹೆದರಿದವರಿದ್ದರೆ ದಯವಿಟ್ಟು ನಗಬೇಡಿ. ರಾತ್ರಿ ಹೊತ್ತು ವಾದಕ್ಕೂ ಇಳಿಯಬೇಡಿ, "ಏನು ಕಂಡಿತು?" ಅಂತ ಕೇಳಿ. ಆದರೆ ಅವರು ದಿನಗಟ್ಟಲೆ ನಿದ್ದೆಯಿಲ್ಲದೆಯೂ ಸುಸ್ತಾಗದೆ ಓಡಾಡುತ್ತಿದ್ದರೆ, ಯಾರೋ ಅಪ್ಪಣೆ ಕೊಡುವ ದನಿ ಕೇಳುತ್ತಿದೆ ಅಂದರೆ, ಇದ್ದಬದ್ದದ್ದನ್ನೆಲ್ಲ ಹಂಚತೊಡಗಿದರೆ, ಬದುಕುವುದೇ ಬೇಡ ಅಂದರೆ, ತಡ ಮಾಡದೆ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಜೊತೆಗೆ ನೀವೇ ಹೋಗಿ, ಅವರೊಬ್ಬರನ್ನೇ ಕಳಿಸಬೇಡಿ.