ಸಾಂಕ್ರಾಮಿಕದ ನಡುವೆ ವಿಮಾನ ರದ್ದಾಗಿ, ವಿದೇಶದಲ್ಲೇ ವೀಸಾ ಮುಗಿಯುತ್ತಿದ್ದರೆ ಏನು ಮಾಡಬೇಕು?

ಗಾಬರಿಯಾಗಬೇಡಿ, ಆದರೆ ಸುಮ್ನೆ ಕಾಯಲೂ ಬೇಡಿ. ಅವಧಿ ಮುಗಿಯುವ ಮೊದಲೇ ನೀವಿರುವ ದೇಶದ ವಲಸೆ ಇಲಾಖೆಗೆ ವಿಸ್ತರಣೆಯ ಅರ್ಜಿ ಹಾಕಿ. ರಾಯಭಾರ ಕಚೇರಿ ಮಾಡಿಕೊಡುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ಆ ಅಧಿಕಾರ ಅವರಿಗಿಲ್ಲ. ಆದರೂ ಅಲ್ಲಿ ಹೆಸರು ನೋಂದಾಯಿಸಿ, ವಿಶೇಷ ವಿಮಾನಗಳ ಸುದ್ದಿ ಬೇಗ ತಿಳಿಯುತ್ತದೆ.

ಕೋವಿಡ್ ಬಂದಾಗ ಹಲವು ದೇಶಗಳು ರಿಯಾಯಿತಿ ಕೊಟ್ಟವು. ಬ್ರಿಟನ್ ಮೊದಲು 2020ರ ಮೇ 31ರವರೆಗೆ, ಆಮೇಲೆ ಜುಲೈ 31ರವರೆಗೆ ಅವಧಿ ಹೆಚ್ಚಿಸಿತು. ಅಂಥ ರಿಯಾಯಿತಿ ಪ್ರಕಟವಾದರೆ, ಅದು ನಿಮ್ಮ ವೀಸಾಗೂ ಅನ್ವಯಿಸುತ್ತದೆಯೇ ಎಂದು ಸರ್ಕಾರಿ ಜಾಲತಾಣದಲ್ಲೇ ನೋಡಿ, ವಾಟ್ಸಾಪ್ ಸಂದೇಶ ನಂಬಬೇಡಿ. ರದ್ದಾದ ಟಿಕೆಟ್, ಅರ್ಜಿಯ ರಸೀದಿ, ಇಮೇಲ್ ಎಲ್ಲವನ್ನೂ ಜೋಪಾನವಾಗಿಡಿ. ಮುಂದೆ ಅಧಿಕಾರಿ ಕೇಳಿದರೆ ಅವೇ ಸಾಕ್ಷಿ, ಅಲ್ವಾ? ಟಿಕೆಟ್ ಕೊಳ್ಳುವಾಗ ನಡುವೆ ವಿಮಾನ ಬದಲಿಸುವ ದೇಶದ ಪರೀಕ್ಷೆ, ಕ್ವಾರಂಟೈನ್ ನಿಯಮಗಳನ್ನೂ ಓದಿ.